ಹೃದಯದ ಬದಲು ಕೆನ್ನೆಯ ಜೀವಕೋಶ: ಆನುವಂಶಿಕ ಹೃದಯಸ್ನಾಯು ಕಾಯಿಲೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಂಶದಲ್ಲಿ ಹರಿದುಬರುವ ಹೃದಯಸ್ನಾಯು ಕಾಯಿಲೆ ಇರುವ ಕುಟುಂಬದವರು, ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ವಿಜ್ಞಾನದ ಓದುಗರು ಮಾತಿನ ನಡುವೆ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇರಿಸಿಕೊಂಡಿದ್ದೇನೆ. ಸುಲಭವಾಗಿ ಸಿಗುವ ಕೋಶವೊಂದನ್ನು ಹೃದಯದ ಕೋಶದ ಬದಲಿಗೆ ಪರೀಕ್ಷಿಸಿದಾಗ, ಅದನ್ನು ಇಲ್ಲಿ ‘ಬದಲಿ ಕೋಶ’ ಎಂದು ಕರೆದಿದೆ.

## ಮೊದಲು ತಿಳಿಯಬೇಕಾದದ್ದು

ಕಾಯಿಲೆ ಇರುವುದು ಹೃದಯದಲ್ಲಿ. ನೀವು ಬಾಯಿಯೊಳಗೆ ಬ್ರಷ್ ಆಡಿಸಿ ಏನು ಹುಡುಕುತ್ತೀರಿ?

ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿರುವ ವಂಶವಾಹಿಗಳು ಒಂದೇ. ಅವುಗಳಲ್ಲಿ ಯಾವುದನ್ನು ಬಳಸಿ ಯಾವ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ ಎಂಬುದರಲ್ಲಿ ಮಾತ್ರ ಒಂದೊಂದು ಕೋಶದ ದಾರಿ ಒಂದೊಂದು. ಹೃದಯಸ್ನಾಯುವಿನ ಕೋಶ ಮತ್ತು ಕೆನ್ನೆಯ ಒಳಪದರದ ಕೋಶ ನೋಟದಲ್ಲಾಗಲಿ ಕೆಲಸದಲ್ಲಾಗಲಿ ಒಂದನ್ನೊಂದು ಹೋಲುವುದಿಲ್ಲ. ಆದರೂ ಎರಡೂ ಬಿಡುವಿಲ್ಲದ ಎಳೆತವನ್ನು ತಡೆದುಕೊಳ್ಳಬೇಕು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಕೆನ್ನೆ ಅಗಿಯುವಾಗಲೂ ಮಾತನಾಡುವಾಗಲೂ ಹಿಗ್ಗಿ ಕುಗ್ಗುತ್ತದೆ. ಅಕ್ಕಪಕ್ಕದ ಕೋಶಗಳು ಬಿಟ್ಟುಹೋಗದಂತೆ ಅಂಗಿಯ ಗುಂಡಿಗಳ ಹಾಗೆ ಹಿಡಿದಿಡುವ ಡೆಸ್ಮೊಸೋಮ್ ಎಂಬ ಬೆಸುಗೆಗಳು ಎರಡರಲ್ಲಿಯೂ ಇವೆ.

ಅರಿದ್ಮೋಜೆನಿಕ್ ಕಾರ್ಡಿಯೊಮಯೋಪತಿ ಎಂಬ ಕಾಯಿಲೆಯಲ್ಲಿ ಬಹುಪಾಲು ದೋಷ ಈ ಬೆಸುಗೆಯ ವಂಶವಾಹಿಗಳಲ್ಲಿಯೇ ಇರುತ್ತದೆ. ಬೆಸುಗೆ ಸಡಿಲವಾದ ಸ್ನಾಯುಕೋಶಗಳು ಕ್ರಮೇಣ ಸಾಯುತ್ತವೆ, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ಬೆಳೆಯುತ್ತದೆ, ಹೃದಯದ ಲಯ ತಪ್ಪುತ್ತದೆ. ಹೊರಗೆ ಆರೋಗ್ಯವಾಗಿ ಕಾಣುವ ಎಳೆಯರ ಹಠಾತ್ ಸಾವಿಗೆ ಇದೂ ಒಂದು ಕಾರಣ. ಬೆಸುಗೆಯ ದೋಷದ ಗುರುತು ಕೆನ್ನೆಯ ಕೋಶದಲ್ಲಿಯೂ ಬಿದ್ದಿದೆಯೇ ಎಂದು ನಾವು ಹುಡುಕುತ್ತೇವೆ.

ಹೃದಯದಿಂದಲೇ ಒಂದು ಚೂರು ತೆಗೆದು ನೋಡಿದರೆ ಸಂಶಯವೇ ಇರುವುದಿಲ್ಲವಲ್ಲ?

ಇರುತ್ತದೆ. ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯದವರೆಗೆ ಕಳುಹಿಸಿ ಸ್ನಾಯುವಿನ ಚೂರು ತೆಗೆಯುವ ಬಯಾಪ್ಸಿಯಲ್ಲಿ ಎರಡು ತೊಡಕುಗಳಿವೆ. ಈ ಕಾಯಿಲೆ ಸಾಮಾನ್ಯವಾಗಿ ಬಲ ಹೃತ್ಕುಕ್ಷಿಯ ಹೊರಗೋಡೆಯನ್ನು ಹಿಡಿಯುತ್ತದೆ. ಮೊದಲೇ ತೆಳುವಾದ ಆ ಗೋಡೆ ಕಾಯಿಲೆಯಿಂದ ಇನ್ನಷ್ಟು ತೆಳುವಾಗಿರುತ್ತದೆ, ತೂತು ಬೀಳುವ ಅಪಾಯವಿರುತ್ತದೆ. ಆ ಭಯದಿಂದ ಎರಡು ಹೃತ್ಕುಕ್ಷಿಗಳ ನಡುವಿನ ದಪ್ಪ ಗೋಡೆಯಿಂದ ಚೂರು ತೆಗೆದರೆ ಅಲ್ಲಿ ಕಾಯಿಲೆ ಇಲ್ಲದೇ ಇರಬಹುದು. ಹಾನಿ ತೇಪೆ ತೇಪೆಯಾಗಿ ಹರಡುವುದರಿಂದ, ಒಂದು ಮಿಲಿಮೀಟರ್ ಆಚೆ ಕಾಯಿಲೆ ಇದ್ದರೂ ಕೈಗೆ ಬಂದ ಚೂರು ಚೆನ್ನಾಗಿಯೇ ಕಾಣಬಹುದು. ಇನ್ನೂ ಯಾವ ಲಕ್ಷಣವೂ ಇಲ್ಲದ 10 ವರ್ಷದ ಮಗುವಿಗೆ, ಅಣ್ಣನಿಗೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ, ಇಂಥ ಬಯಾಪ್ಸಿ ಮಾಡುವುದು ಸರಿಯಲ್ಲ. ವರ್ಷವರ್ಷವೂ ಮಾಡುವ ಮಾತಂತೂ ಇಲ್ಲವೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಹೃದಯಸ್ನಾಯುವಿನ ಕೋಶಗಳು ಹುಟ್ಟಿದ ಮೇಲೆ ಹೆಚ್ಚುಕಡಿಮೆ ವಿಭಜನೆಯಾಗುವುದಿಲ್ಲ. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಹೊಸದಾಗುತ್ತವೆ ಎಂದು 2009ರ ಅಧ್ಯಯನವೊಂದು ಲೆಕ್ಕ ಹಾಕಿತು. ಅವುಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಕೆನ್ನೆಯ ಒಳಪದರವಾದರೋ ಸುಮಾರು ಎರಡು ವಾರಗಳಲ್ಲಿ ತಾನೇ ಹೊಸದಾಗುತ್ತದೆ.

ನನ್ನ ಡಿ.ಎನ್.ಎ. ಪರೀಕ್ಷೆಗೂ ಕೆನ್ನೆಯಿಂದಲೇ ತೆಗೆದುಕೊಂಡರು. ಅದೂ ಇದೂ ಒಂದೇ ತಾನೇ?

ಅಲ್ಲ. ಡಿ.ಎನ್.ಎ. ಪರೀಕ್ಷೆಗೆ ಕೋಶವೆಂದರೆ ಒಂದು ಚೀಲವಷ್ಟೇ: ಅದನ್ನು ಒಡೆದು ಒಳಗಿನ ಬರಹವನ್ನು ಓದುತ್ತಾರೆ. ಆ ಬರಹ ಹುಟ್ಟಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ. ಬದಲಿ ಕೋಶದ ಪರೀಕ್ಷೆಯಲ್ಲಿ ಕೋಶವನ್ನು ಒಡೆಯದೆ, ಅದರೊಳಗೆ ಪ್ರೋಟೀನುಗಳು ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡುತ್ತಾರೆ. ಈ ನೋಟ ಕಾಯಿಲೆಯ ಜೊತೆ ಬದಲಾಗಬಹುದು, ಅದೇ ಅದರ ಬೆಲೆ. ವಂಶವಾಹಿಯಲ್ಲಿ ದೋಷವಿದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಒಂದೇ ಮನೆಯಲ್ಲಿ ಒಂದೇ ದೋಷವಿರುವ ತಂದೆ 70 ದಾಟಿಯೂ ಚೆನ್ನಾಗಿರಬಹುದು, ಮಗ 20ಕ್ಕೇ ಕುಸಿದು ಬೀಳಬಹುದು. ಇತ್ತ ಕಾಯಿಲೆ ಖಚಿತವಾಗಿರುವವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ದೋಷವಿರುವ ವಂಶವಾಹಿ ಪತ್ತೆಯಾಗುತ್ತದೆ. ಬರಹವೊಂದನ್ನೇ ಓದಿ ತಿಳಿಯದ ಸಂಗತಿಗಳು ಇಷ್ಟಿರುವುದರಿಂದಲೇ ಬದಲಿ ಕೋಶದ ಅಗತ್ಯ ಹುಟ್ಟಿತು.

## ಕೆನ್ನೆಯ ಕೋಶ: ಬಂದ ದಾರಿ, ಮಾಡುವ ಕೆಲಸ

ಹೃದಯಕ್ಕೂ ಬಾಯಿಗೂ ನಂಟಿದೆ ಎಂದು ಮೊದಲು ಹೊಳೆದದ್ದು ಯಾರಿಗೆ?

ಮೊದಲು ಕಂಡದ್ದು ಚರ್ಮ ಮತ್ತು ಕೂದಲಿನೊಂದಿಗಿನ ನಂಟು. ಗ್ರೀಸ್ ದೇಶದ ನಾಕ್ಸೋಸ್ ದ್ವೀಪದಲ್ಲಿ ವೈದ್ಯ ನಿಕೋಸ್ ಪ್ರೊಟೊನೊಟಾರಿಯೋಸ್ ಮತ್ತು ಅವರ ಸಂಗಡಿಗರು ಕೆಲವು ಕುಟುಂಬಗಳಲ್ಲಿ ಒಂದು ವಿಚಿತ್ರ ಕೂಟವನ್ನು ಗಮನಿಸಿದರು: ಮಗು ಹುಟ್ಟುವಾಗಲೇ ತಲೆಯಲ್ಲಿ ಉಣ್ಣೆಯಂಥ ಗುಂಗುರು ಕೂದಲು, ಕೈಕಾಲು ಊರಿ ಓಡಾಡತೊಡಗಿದ ಮೇಲೆ ಅಂಗೈ ಅಂಗಾಲುಗಳಲ್ಲಿ ದಪ್ಪಗಟ್ಟುವ ಚರ್ಮ, ಹರೆಯದ ಹೊತ್ತಿಗೆ ಹೃದಯದ ಕಾಯಿಲೆ. 1986ರಲ್ಲಿ ಅವರು ಇದನ್ನು ವರದಿ ಮಾಡಿದರು. 2000ದಲ್ಲಿ ಅದರ ಮೂಲ ತಿಳಿಯಿತು: ಬೆಸುಗೆಯ ಭಾಗವಾದ ಪ್ಲಾಕೋಗ್ಲೋಬಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿದ್ದವು. ಅದೇ ವರ್ಷ, ಈಕ್ವಡಾರ್ ದೇಶದ ಕುಟುಂಬಗಳಲ್ಲಿ ಕಂಡಿದ್ದ, ಕೂದಲು ಚರ್ಮಗಳ ಇಂಥದೇ ಲಕ್ಷಣಗಳೊಂದಿಗೆ ಎಡ ಹೃತ್ಕುಕ್ಷಿಯನ್ನು ಹೆಚ್ಚಾಗಿ ಹಿಡಿಯುವ ಕರ್ವಹಾಲ್ ಕಾಯಿಲೆಗೆ ಡೆಸ್ಮೊಪ್ಲಾಕಿನ್ ಎಂಬ ಇನ್ನೊಂದು ಬೆಸುಗೆ ಪ್ರೋಟೀನಿನ ದೋಷ ಕಾರಣವೆಂದು ಗೊತ್ತಾಯಿತು.

ಅಂಗೈಯನ್ನು ಮುಟ್ಟಿ ಹೃದಯದ ಭವಿಷ್ಯವನ್ನು ಊಹಿಸುತ್ತಿದ್ದ ಆ ದ್ವೀಪದ ವೈದ್ಯರೇ ಬದಲಿ ಕೋಶದ ವಿಚಾರಕ್ಕೆ ನಿಜವಾದ ಆರಂಭ ಎಂದು ನಾನು ನಂಬುತ್ತೇನೆ. 2009ರಲ್ಲಿ ಅಂಜೆಲಿಕಿ ಅಸಿಮಾಕಿ, ಜೆಫ್ರಿ ಸ್ಯಾಫಿಟ್ಜ್ ಮತ್ತು ಸಂಗಡಿಗರು ರೋಗಿಗಳ ಹೃದಯದ ಚೂರುಗಳಲ್ಲಿ ಪ್ಲಾಕೋಗ್ಲೋಬಿನ್ ಬೆಸುಗೆಯ ಜಾಗದಿಂದ ಕಡಿಮೆಯಾಗಿರುವುದನ್ನು ತೋರಿಸಿದರು. ಸ್ನಾಯು ಚೆನ್ನಾಗಿಯೇ ಕಾಣುವ ಕಡೆಯಲ್ಲಿಯೂ ಅದು ಕಡಿಮೆಯಾಗಿತ್ತು. 2016ರಲ್ಲಿ ಅಸಿಮಾಕಿ ಅವರ ತಂಡ ಅದೇ ಬಗೆಯ ಬದಲಾವಣೆಯನ್ನು ರೋಗಿಗಳ ಕೆನ್ನೆಯ ಕೋಶಗಳಲ್ಲಿ ಕಂಡಿತು.

ಮಗುವಿಗೆ ನೋವಾಗುತ್ತದೆಯೇ? ಏನೇನು ಮಾಡುತ್ತಾರೆ?

ನೋವಾಗುವುದಿಲ್ಲ, ಕಚಗುಳಿಯಾಗಬಹುದು. ಬಾಯಿ ಮುಕ್ಕಳಿಸಿದ ಮೇಲೆ ಮೃದುವಾದ ಸಣ್ಣ ಬ್ರಷ್ಷನ್ನು ಕೆನ್ನೆಯ ಒಳಮೈಗೆ ಒತ್ತಿ ಕೆಲವು ಸಲ ಉರುಳಿಸುತ್ತಾರೆ. ಬ್ರಷ್ಷಿಗೆ ಅಂಟಿದ ಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ರಾಸಾಯನಿಕದಲ್ಲಿ ಅದ್ದಿ ಕೆಡದಂತೆ ಸ್ಥಿರಗೊಳಿಸುತ್ತಾರೆ. ಅನಂತರ, ಬೇಕಾದ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ, ಬಣ್ಣದ ಬೆಳಕು ಹೊಮ್ಮಿಸುವ ಪ್ರತಿಕಾಯಗಳನ್ನು ಅದರ ಮೇಲೆ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ.

ಇದರಲ್ಲಿ ಅತಿ ಸರಳವಾಗಿ ಕಾಣುವ ಹೆಜ್ಜೆಯೇ ಅತಿ ಹೆಚ್ಚು ಕೈಕೊಡುತ್ತದೆ. ಹರಡಿದ ಕೋಶಗಳು ಸ್ಥಿರಗೊಳ್ಳುವ ಮೊದಲೇ ಒಣಗಿದರೆ ಅಂಚುಗಳು ಮಂಕಾಗಿ, ಆರೋಗ್ಯವಂತನ ಕೋಶವೂ ರೋಗಿಯದರಂತೆ ಕಾಣತೊಡಗುತ್ತದೆ. ಒಮ್ಮೆ ಒಂದು ಇಡೀ ದಿನದ ಸ್ಲೈಡುಗಳು ಹೀಗೆ ಹಾಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋಲಿಕೆಗೆಂದು ಇರಿಸಿದ್ದ ಆರೋಗ್ಯವಂತರ ಸ್ಲೈಡೂ ಮಂಕಾಗಿದ್ದುದರಿಂದಲೇ ತಪ್ಪು ಗೊತ್ತಾಯಿತು. ಅಂದಿನಿಂದ, ಹೋಲಿಕೆಯ ಸ್ಲೈಡಿಲ್ಲದೆ ಬಂದ ಯಾವ ಚಿತ್ರವನ್ನೂ ನಾನು ನಂಬುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ನಿಜವಾಗಿ ಏನು ಕಾಣುತ್ತದೆ?

ಆರೋಗ್ಯವಂತರ ಕೆನ್ನೆಯ ಕೋಶಗಳು ಅಗಲವಾಗಿ, ಚಪ್ಪಟೆಯಾಗಿ, ಮೂಲೆಗಳಿರುವ ಹಾಸುಗಲ್ಲುಗಳಂತೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಪ್ಲಾಕೋಗ್ಲೋಬಿನ್‌ಗೆ ಬಣ್ಣ ಹಾಕಿದಾಗ ಪ್ರತಿ ಕೋಶದ ಅಂಚಿನುದ್ದಕ್ಕೂ ಹೊಳೆಯುವ ಗೆರೆಯೊಂದು ಎದ್ದು, ಎಲ್ಲ ಗೆರೆಗಳೂ ಸೇರಿ ಜೇನುಹುಟ್ಟಿನ ಬಲೆಯಂತೆ ಕಾಣುತ್ತದೆ. ನಡುವಿನ ಜಾಗ ಕಪ್ಪಾಗಿರುತ್ತದೆ, ಅದರೊಳಗೆ ಕೋಶಕೇಂದ್ರದ ನೀಲಿ ಚುಕ್ಕೆ. ರೋಗಿಯ ಕೋಶಗಳಲ್ಲಿ ಆ ಬಲೆ ಅಲ್ಲಲ್ಲಿ ಕಡಿದಿರುತ್ತದೆ ಅಥವಾ ಮಾಸಿಹೋಗಿರುತ್ತದೆ. ಕೋಶದಿಂದ ಕೋಶಕ್ಕೆ ವಿದ್ಯುತ್ ಸಂಕೇತ ದಾಟಲು ದಾರಿಯಾಗುವ ಕನೆಕ್ಸಿನ್-43 ಎಂಬ ಪ್ರೋಟೀನೂ ಹೀಗೆಯೇ ಅಂಚಿನಿಂದ ಸರಿದಿರುವುದುಂಟು. ಹೃದಯದಲ್ಲಿ ಇದೇ ಪ್ರೋಟೀನು ಜಾಗ ಬಿಟ್ಟರೆ ಬಡಿತದ ಸಂಕೇತ ಸರಾಗವಾಗಿ ಹರಿಯದೆ ಲಯ ಕೆಡುವುದಕ್ಕೆ ಎಡೆಯಾಗುತ್ತದೆ. ಕೆನ್ನೆಗೆ ಲಯವಿಲ್ಲದ ಕಾರಣ ಅಲ್ಲಿ ಅದರಿಂದ ಯಾವ ತೊಂದರೆಯೂ ಕಾಣುವುದಿಲ್ಲ, ಗುರುತು ಮಾತ್ರ ಉಳಿಯುತ್ತದೆ.

ಮಗನ ಕೆನ್ನೆಯ ಪರೀಕ್ಷೆ ಚೆನ್ನಾಗಿ ಬಂದಿದೆ. ಇನ್ನು ಓಟದ ಅಭ್ಯಾಸಕ್ಕೆ ಕಳುಹಿಸಬಹುದಲ್ಲವೇ?

ದಯವಿಟ್ಟು ಈ ಫಲಿತಾಂಶವೊಂದನ್ನೇ ನಂಬಿ ಕಳುಹಿಸಬೇಡಿ. ಬಿಡುವಿಲ್ಲದ ಕಠಿಣ ವ್ಯಾಯಾಮ ಈ ಕಾಯಿಲೆಯನ್ನು ಬೇಗ ಹೊರತರುತ್ತದೆ, ಹೊರಬಂದದ್ದನ್ನು ಉಲ್ಬಣಗೊಳಿಸುತ್ತದೆ ಎಂಬುದು ಚೆನ್ನಾಗಿ ಸಾಬೀತಾಗಿರುವ ಸಂಗತಿ. ಕೆನ್ನೆಯ ಪರೀಕ್ಷೆ ಇಂದಿಗೂ ಸಂಶೋಧನೆಯ ಸಾಧನವೇ. ಕಾಯಿಲೆಯನ್ನು ತೀರ್ಮಾನಿಸಲು 1994ರಲ್ಲಿ ರೂಪಿಸಿ 2010ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಇದಕ್ಕೆ ಜಾಗವಿಲ್ಲ. 2020ರಲ್ಲಿ ಪ್ರಕಟವಾದ ಪಡುವಾ ಮಾನದಂಡಗಳಲ್ಲಿಯೂ ಇಲ್ಲ. ತೀರ್ಮಾನ ನಿಂತಿರುವುದು ಇ.ಸಿ.ಜಿ., ಎಕೊ, ಹೃದಯದ ಎಂ.ಆರ್.ಐ., ಇಡೀ ದಿನದ ಬಡಿತವನ್ನು ದಾಖಲಿಸುವ ಹೋಲ್ಟರ್, ಕುಟುಂಬದ ಇತಿಹಾಸ ಮತ್ತು ವಂಶವಾಹಿ ಪರೀಕ್ಷೆ ಇವೆಲ್ಲವನ್ನೂ ಕೂಡಿಸಿ ನೋಡುವುದರ ಮೇಲೆ. ಮಗ ಓಡಬಹುದೇ ಎಂಬುದನ್ನು ಈ ಕಾಯಿಲೆಗಳನ್ನು ಬಲ್ಲ ಹೃದ್ರೋಗ ತಜ್ಞರೇ ಹೇಳಬೇಕು. ಅವನು ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದರೆ ಆ ಮಾತನ್ನು ಅವರಿಗೆ ಮೊದಲು ತಿಳಿಸಿ.

## ಬೇರೆ ಕಾಯಿಲೆ, ಬೇರೆ ಕೋಶ

ನಮ್ಮ ಮನೆಯಲ್ಲಿರುವುದು ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ನಮಗೂ ಕೆನ್ನೆಯ ಕೋಶ ಸಾಕೇ?

ಹೈಪರ್ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂದು ಕರೆಯುವ ಆ ಕಾಯಿಲೆ ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇರುತ್ತದೆ. ವಂಶವಾಹಿ ದೋಷ ಪತ್ತೆಯಾದ ಕುಟುಂಬಗಳಲ್ಲಿ ಅದು ಹೆಚ್ಚಾಗಿ ಇರುವುದು ಸ್ನಾಯುವನ್ನು ಸಂಕುಚಿಸುವ ಯಂತ್ರದ ಪ್ರೋಟೀನುಗಳಲ್ಲಿ, ಅದರಲ್ಲಿಯೂ ಮೈಯೋಸಿನ್ ಮತ್ತು ಮೈಯೋಸಿನ್ ಬಂಧಕ ಪ್ರೋಟೀನ್-ಸಿ ಎಂಬವುಗಳ ಹೃದಯದ ರೂಪಗಳಲ್ಲಿ. ಕೆನ್ನೆಯ ಕೋಶ ಈ ಪ್ರೋಟೀನುಗಳನ್ನು ತಯಾರಿಸುವುದಿಲ್ಲ. ತನ್ನಲ್ಲಿಲ್ಲದ ಯಂತ್ರ ಕೆಟ್ಟಿದೆಯೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಈ ಕುಟುಂಬಗಳಿಗೆ ಕೆನ್ನೆಯ ಕೋಶ ಡಿ.ಎನ್.ಎ. ಮೂಲವಾಗಿ ಉಪಯುಕ್ತ, ಬದಲಿ ಕೋಶವಾಗಿ ಅಲ್ಲ. ಒಂದು ಚಿಕ್ಕ ವಿನಾಯಿತಿ ಇದೆ: ರಕ್ತದ ಬಿಳಿಕೋಶಗಳಲ್ಲಿ ಇಂಥ ವಂಶವಾಹಿಗಳ ಆರ್.ಎನ್.ಎ. ಪ್ರತಿಗಳು ಅತ್ಯಲ್ಪ ಪ್ರಮಾಣದಲ್ಲಿ ತಾವಾಗಿ ಹುಟ್ಟುವುದುಂಟು. ಅವುಗಳನ್ನು ಹಲವು ಪಟ್ಟು ಹೆಚ್ಚಿಸಿ, ಸಂಶಯಾಸ್ಪದ ದೋಷವೊಂದು ಆರ್.ಎನ್.ಎ. ಜೋಡಣೆಯನ್ನು ಕೆಡಿಸುತ್ತದೆಯೇ ಎಂದು ನೋಡಬಹುದು.

ಗೋಡೆ ದಪ್ಪವಾಗುವ ಎಲ್ಲರಲ್ಲಿಯೂ ಕಾರಣ ಇದೇ ಅಲ್ಲ ಎಂಬುದು ಬಹಳ ಮುಖ್ಯ. ಫ್ಯಾಬ್ರಿ ಕಾಯಿಲೆಯಲ್ಲಿ ಆಲ್ಫಾ-ಗ್ಯಾಲಕ್ಟೋಸಿಡೇಸ್-ಎ ಎಂಬ ಕಿಣ್ವದ ಕೊರತೆಯಿಂದ ಕೊಬ್ಬಿನಂಶವೊಂದು ಕೋಶಗಳಲ್ಲಿ ತುಂಬಿಕೊಂಡು ಹೃದಯದ ಗೋಡೆ ದಪ್ಪವಾಗುತ್ತದೆ. ಆ ಕಿಣ್ವ ಬಿಳಿ ರಕ್ತಕಣಗಳಲ್ಲಿಯೂ ಕೆಲಸ ಮಾಡುವುದರಿಂದ ಗಂಡಸರಲ್ಲಿ ರಕ್ತದ ಪರೀಕ್ಷೆಯಿಂದಲೇ ಕೊರತೆ ತಿಳಿಯುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಡ್ಯಾನನ್ ಕಾಯಿಲೆಯ ಗಂಡುಮಕ್ಕಳ ಬಿಳಿಕಣಗಳಲ್ಲಿ ಲ್ಯಾಂಪ್-2 ಎಂಬ ಪ್ರೋಟೀನು ಇಲ್ಲದಿರುವುದನ್ನು ನೇರವಾಗಿ ಕಾಣಬಹುದು. ಎಳೆಯ ಗಂಡುಮಕ್ಕಳ ಹೃದಯವನ್ನು ದುರ್ಬಲಗೊಳಿಸುವ ಬಾರ್ತ್ ಕಾಯಿಲೆಯಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕಾರ್ಡಿಯೊಲಿಪಿನ್ ಎಂಬ ಕೊಬ್ಬು ಸರಿಯಾಗಿ ರೂಪುಗೊಳ್ಳುವುದಿಲ್ಲ. ಕಾಗದದ ಮೇಲೆ ಒಣಗಿಸಿದ ರಕ್ತದ ಒಂದು ಚುಕ್ಕೆಯಲ್ಲಿ ಅದರ ಅರೆಬೆಂದ ರೂಪಕ್ಕೂ ಪೂರ್ಣ ರೂಪಕ್ಕೂ ಇರುವ ಅನುಪಾತವನ್ನು ಅಳೆದು ಕಾಯಿಲೆಯನ್ನು ಗುರುತಿಸುತ್ತಾರೆ. ‘ಬದಲಿ ಕೋಶ’ ಎಂಬ ಹೆಸರು ಹೊಸದಾಗಿ ಕೇಳಿಸಿದರೂ, ಈ ಕಾಯಿಲೆಗಳಲ್ಲಿ ಅದು ಈಗಾಗಲೇ ಚಿಕಿತ್ಸಾಲಯದ ದಿನನಿತ್ಯದ ಕೆಲಸ.

ರಕ್ತದಲ್ಲಿ ಏನೂ ಸಿಗಲಿಲ್ಲ. ಅಂದರೆ ಹೃದಯದಲ್ಲಿಯೂ ಏನೂ ಇಲ್ಲ ಎಂದೇ?

ಹಾಗೆ ಹೇಳಲಾಗದ ಸಂದರ್ಭಗಳಿವೆ. ಫ್ಯಾಬ್ರಿ ಕಾಯಿಲೆಯ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಹೆಂಗಸರ ಪ್ರತಿ ಕೋಶದಲ್ಲಿಯೂ ಎರಡು ಎಕ್ಸ್‌ಗಳ ಪೈಕಿ ಒಂದು ಮಾತ್ರ ಕೆಲಸದಲ್ಲಿರುತ್ತದೆ. ರಕ್ತಕೋಶಗಳಲ್ಲಿ ಹೆಚ್ಚಾಗಿ ಒಳ್ಳೆಯ ಎಕ್ಸ್ ಉಳಿದು, ಹೃದಯದಲ್ಲಿ ದೋಷದ ಎಕ್ಸ್ ಉಳಿದಿದ್ದರೆ ರಕ್ತದ ಕಿಣ್ವದ ಮಟ್ಟ ಸರಿಯಾಗಿಯೇ ಬಂದೀತು. ಆದ್ದರಿಂದ ಹೆಂಗಸರಿಗೆ ವಂಶವಾಹಿ ಪರೀಕ್ಷೆಯೇ ಬೇಕು.

ಮೈಟೊಕಾಂಡ್ರಿಯದ ಡಿ.ಎನ್.ಎ. ದೋಷಗಳ ವಿಷಯ ಇನ್ನೂ ಸೂಕ್ಷ್ಮ. 3243 ಎಂಬ ಸ್ಥಾನದ ಪ್ರಸಿದ್ಧ ದೋಷ ಹೃದಯದ ಗೋಡೆಯನ್ನೂ ದಪ್ಪಗೊಳಿಸಬಲ್ಲುದು. ದೋಷವಿರುವ ಪ್ರತಿಗಳ ಪ್ರಮಾಣ ರಕ್ತದಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತ ಹೋಗುತ್ತದೆ. ಮೂತ್ರದಲ್ಲಿ ಉದುರಿ ಬರುವ ಕೋಶಗಳಲ್ಲಿ ಅದು ಹಾಗೆ ಕರಗುವುದಿಲ್ಲ. ನಡುವಯಸ್ಸಿನವರಲ್ಲಿ ರಕ್ತಕ್ಕಿಂತ ಮೂತ್ರದ ಕೋಶಗಳೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ಬೇರೆ ಕಾಯಿಲೆಗಳಲ್ಲಿಯೂ ಪ್ಲಾಕೋಗ್ಲೋಬಿನ್ ಜಾಗ ಬಿಡುವುದಿಲ್ಲವೇ?

ಬಿಡುತ್ತದೆ. ಆನುವಂಶಿಕವಲ್ಲದ ಸಾರ್ಕಾಯ್ಡೋಸಿಸ್ ಮತ್ತು ದೈತ್ಯಕೋಶ ಉರಿಯೂತಗಳಲ್ಲಿ ಹೃದಯದ ಪ್ಲಾಕೋಗ್ಲೋಬಿನ್ ಹೀಗೆಯೇ ಕಡಿಮೆಯಾಗುವುದನ್ನು 2011ರಲ್ಲಿ ತೋರಿಸಲಾಯಿತು. 2009ರಲ್ಲಿ ಸಿಕ್ಕ ಸ್ಪಷ್ಟ ಫಲಿತಾಂಶ ಅನಂತರದ ಎಲ್ಲ ತಂಡಗಳಿಗೂ ಅಷ್ಟೇ ಸ್ಪಷ್ಟವಾಗಿ ಸಿಗಲಿಲ್ಲ. ಕೆನ್ನೆಯ ಮಟ್ಟಿಗೆ ಇನ್ನೂ ಎಚ್ಚರ ಬೇಕು: ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ದೇಹವೇ ತನ್ನ ಬಾಯಿಯ ಮತ್ತು ಚರ್ಮದ ಡೆಸ್ಮೊಸೋಮುಗಳ ಮೇಲೆ ದಾಳಿ ಮಾಡುತ್ತದೆ. ಹೀಗಾಗಿ ಕೋಶ ಕೊಡುವವರ ಬಾಯಿಯಲ್ಲಿ ಹುಣ್ಣು, ಉರಿ, ಹಲ್ಲಿನ ಸೋಂಕು ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಸ್ಲೈಡನ್ನು ಓದುವವರಿಗೆ ಅದು ಯಾರದೆಂದು ತಿಳಿದಿರಬಾರದು. ಮಂಕು ಎಷ್ಟು, ಹೊಳಪು ಎಷ್ಟು ಎಂಬುದನ್ನು ಕಣ್ಣಂದಾಜಿಗೆ ಬಿಟ್ಟರೆ ಓದುವವರ ನಿರೀಕ್ಷೆ ಫಲಿತಾಂಶದೊಳಗೆ ನುಸುಳಿಬಿಡುತ್ತದೆ.

ಚರ್ಮದ ಕೋಶದಿಂದ ಬಡಿಯುವ ಹೃದಯಕೋಶ ಮಾಡುತ್ತಾರಂತೆ. ಹಾಗಿದ್ದ ಮೇಲೆ ಕೆನ್ನೆಯ ಕೋಶ ಏಕೆ ಬೇಕು?

ನಿಜ, ಮಾಡುತ್ತಾರೆ. ಶಿನ್ಯಾ ಯಮನಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅವುಗಳನ್ನು ಭ್ರೂಣದ ಆಕರಕೋಶಗಳಂಥ ಸ್ಥಿತಿಗೆ ಹಿಂದಿರುಗಿಸಿದರು. 2012ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಗರ್ಡನ್ ಅವರೊಂದಿಗೆ ಹಂಚಿಕೊಂಡರು. ರಕ್ತ ಅಥವಾ ಮೂತ್ರದ ಕೋಶಗಳಿಂದಲೂ ಹೀಗೆ ಹೊರಟು ಹೃದಯಸ್ನಾಯುವಿನ ಕೋಶಗಳನ್ನು ಬೆಳೆಸಬಹುದು. ಸಂಕೋಚನದ ಯಂತ್ರ ಅವುಗಳಲ್ಲಿ ಇರುವುದರಿಂದ, ಕೆನ್ನೆಯ ಕೋಶ ಕೈಚೆಲ್ಲುವ ಹೈಪರ್ಟ್ರೋಫಿಕ್ ಕಾಯಿಲೆಗೂ ಇವು ಒದಗುತ್ತವೆ. ತಟ್ಟೆಯೊಳಗೆ ಅವು ತಾವಾಗಿ ಮಿಡಿಯುವುದನ್ನು ಮೊದಲ ಸಲ ಕಂಡವರು ಮಾತು ನಿಲ್ಲಿಸಿ ನಿಂತುಬಿಡುತ್ತಾರೆ.

ಆದರೆ ಅವು ಎಳೆಯವು. ಬೆಳೆದ ಹೃದಯದ ಕೋಶ ಉದ್ದವಾಗಿದ್ದು ಮುಖ್ಯವಾಗಿ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತದೆ. ಇವು ಗರ್ಭದಲ್ಲಿರುವ ಮಗುವಿನ ಹೃದಯದ ಕೋಶಗಳಂತೆ ಚಿಕ್ಕದಾಗಿದ್ದು ಸಕ್ಕರೆಯನ್ನೇ ಹೆಚ್ಚು ನೆಚ್ಚುತ್ತವೆ. 2013ರ ಒಂದು ಅಧ್ಯಯನದಲ್ಲಿ ಪ್ಲಾಕೋಫಿಲಿನ್-2 ಎಂಬ ಬೆಸುಗೆ ಪ್ರೋಟೀನಿನ ದೋಷವಿರುವ ರೋಗಿಗಳಿಂದ ಬೆಳೆಸಿದ ಕೋಶಗಳು ತಮ್ಮಷ್ಟಕ್ಕೆ ಬಿಟ್ಟಾಗ ಕಾಯಿಲೆಯ ಪೂರ್ಣ ಲಕ್ಷಣಗಳನ್ನು ತೋರಿಸಲಿಲ್ಲ. ಬೆಳೆದ ಹೃದಯದ ಚಯಾಪಚಯವನ್ನು ಒತ್ತಾಯದಿಂದ ತಂದ ಮೇಲೆಯೇ ಕೊಬ್ಬು ತುಂಬಿ ಸಾಯತೊಡಗಿದವು. ಒಬ್ಬ ರೋಗಿಯ ಕೋಶಗಳನ್ನು ಹೀಗೆ ಸಿದ್ಧಪಡಿಸಲು ತಿಂಗಳುಗಟ್ಟಲೆ ಕಾಲವೂ ದುಬಾರಿ ದ್ರವಗಳೂ ನುರಿತ ಕೈಗಳೂ ಬೇಕು. ಕೆನ್ನೆಯ ಕೋಶವಾದರೆ ನಿಮ್ಮ ದೇಹದಲ್ಲಿಯೇ ನಿಮ್ಮ ಈ ವಾರದ ಸ್ಥಿತಿಯಲ್ಲಿ ಬೆಳೆದದ್ದು. ನೂರು ಬಂಧುಗಳಿಂದ ಒಂದೇ ದಿನ ಪಡೆಯಬಹುದು. ಒಂದರಿಂದ ಆಗದ ಕೆಲಸವನ್ನು ಇನ್ನೊಂದು ಮಾಡುತ್ತದೆ. ಪೈಪೋಟಿ ಎಂದು ನೋಡುವುದು ತಪ್ಪು.

ಬದಲಿ ಕೋಶದ ಮೇಲೆ ಔಷಧ ಪರೀಕ್ಷಿಸಿ ನನಗೆ ಕೊಡಲು ಆಗುತ್ತದೆಯೇ?

ಈಗಲೇ ಆಗುವುದಿಲ್ಲ. ಎಸ್.ಬಿ.216763 ಎಂಬ ರಾಸಾಯನಿಕ ಈ ದಾರಿಯಲ್ಲಿ ಒಳ್ಳೆಯ ಉದಾಹರಣೆ. ನಾಕ್ಸೋಸ್ ಕಾಯಿಲೆಯ ವಂಶವಾಹಿ ದೋಷವನ್ನು ಜೀಬ್ರಾ ಮೀನುಗಳಿಗೆ ತಂದು, ನಾನಾ ರಾಸಾಯನಿಕಗಳನ್ನು ಪರೀಕ್ಷಿಸುತ್ತ ಹೋದಾಗ ಇದು ಸಿಕ್ಕಿತು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದು ಮೀನಿನ ಹೃದಯವನ್ನು ಸುಧಾರಿಸಿದ್ದಲ್ಲದೆ, ಕಾಯಿಲೆಯ ಹೃದಯಕೋಶಗಳಲ್ಲಿ ಪ್ಲಾಕೋಗ್ಲೋಬಿನ್ ಮತ್ತು ಕನೆಕ್ಸಿನ್-43 ಅಂಚಿಗೆ ಮರಳುವಂತೆ ಮಾಡಿತು. ಅದು ತಡೆಯುವುದು ಜಿ.ಎಸ್.ಕೆ.-3-ಬೀಟಾ ಎಂಬ ಕಿಣ್ವವನ್ನು. ದೇಹದ ಅನೇಕ ಕೆಲಸಗಳಲ್ಲಿ ಕೈಯಿರುವ ಆ ಕಿಣ್ವವನ್ನು ವರ್ಷಗಟ್ಟಲೆ ತಡೆಹಿಡಿಯುವುದು ಮನುಷ್ಯರಿಗೆ ಸುರಕ್ಷಿತವೆಂದು ತೋರಿಸದ ಹೊರತು ಇದು ಔಷಧವಾಗಲಾರದು. ಮುಂದೆ ಔಷಧವೊಂದು ಬಂದಾಗ, ಅದು ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಹೃದಯದ ಚೂರು ತೆಗೆಯಲು ಬರುವುದಿಲ್ಲ. ಕೆನ್ನೆಯ ಕೋಶ ತೆಗೆಯಲು ಬರುತ್ತದೆ. ನನಗೆ ಈ ವಿಧಾನದಲ್ಲಿ ಅತಿ ಹೆಚ್ಚು ಭರವಸೆ ಇರುವುದು ಇಲ್ಲಿಯೇ, ರೋಗನಿರ್ಣಯದಲ್ಲಿ ಅಲ್ಲ.

ನನಗೆ ಕಾಯಿಲೆ ಇಲ್ಲ. ನನ್ನ ಕೋಶ ಕೊಟ್ಟರೆ ಸಂಶೋಧನೆಗೆ ಏನು ಪ್ರಯೋಜನ?

ಬಹಳ. ಕಾಯಿಲೆ ಇರುವವರು ಕೋಶ ಕೊಡಲು ತಾವಾಗಿ ಮುಂದೆ ಬರುತ್ತಾರೆ. ಅದೇ ದೋಷವಿದ್ದೂ ಆರೋಗ್ಯವಾಗಿರುವ ಅಕ್ಕ, ತಮ್ಮ, ಚಿಕ್ಕಪ್ಪ ಬರುವುದು ಕಡಿಮೆ. ಕೆನ್ನೆಯ ಬಲೆ ಮಾಸುವುದು ದೋಷ ಇರುವುದರಿಂದಲೋ ಕಾಯಿಲೆ ಶುರುವಾಗಿರುವುದರಿಂದಲೋ ಎಂಬುದನ್ನು ಬೇರ್ಪಡಿಸಬಲ್ಲವರು ನಿಮ್ಮಂಥವರೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ: ಕೋಶಗಳಿಂದ ಡಿ.ಎನ್.ಎ.ಯನ್ನೂ ಓದುತ್ತಾರೆಯೇ, ಹೃದಯಕ್ಕೆ ಅಪಾಯ ಸೂಚಿಸುವ ಸಂಗತಿ ಸಿಕ್ಕರೆ ನಿಮಗೆ ತಿಳಿಸುತ್ತಾರೆಯೇ, ಮನಸ್ಸು ಬದಲಾದರೆ ಮಾದರಿಯನ್ನು ಹಿಂಪಡೆಯಲು ಅವಕಾಶವಿದೆಯೇ. ಒಪ್ಪಿದ ಮೇಲೆ, ಒಂದು ಸಲ ಕೊಟ್ಟು ನಿಲ್ಲಿಸದೆ ಕರೆದಾಗಲೆಲ್ಲ ಕೊಡಲು ಸಾಧ್ಯವಾದರೆ ಕೊಡಿ. ಒಬ್ಬರೇ ವ್ಯಕ್ತಿಯ ಐದು ವರ್ಷದ ಸ್ಲೈಡುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಮಾತ್ರ, ಗೆರೆ ಯಾವ ವರ್ಷ ಮಾಸತೊಡಗಿತು, ಅದು ಇ.ಸಿ.ಜಿ. ಬದಲಾಗುವುದಕ್ಕೆ ಮೊದಲೋ ಆಮೇಲೋ ಎಂದು ಹೇಳಲು ಸಾಧ್ಯ.